ಸೋರಿಯಾಸಿಸ್ ಇದ್ದರೆ ಕ್ಯಾನ್ಸರ್ ಬರುತ್ತದಾ? ಎಲ್ಲರೂ ಕೇಳುವ ಪ್ರಶ್ನೆಗೆ ನಮ್ಮ ಉತ್ತರ

ಈ ಪ್ರಶ್ನೆಯೊಳಗೆ ನಿಜಕ್ಕೂ ಎರಡು ಪ್ರಶ್ನೆಗಳಿವೆ. "ಈ ಕಲೆಗಳೇ ಮುಂದೆ ಕ್ಯಾನ್ಸರ್ ಆಗಿಬಿಡುತ್ತವಾ?" ಎಂದು ಕೆಲವರು ಕೇಳುತ್ತಾರೆ. "ಇದಕ್ಕೆ ಕೊಡೋ ಔಷಧಿಯಿಂದ ಕ್ಯಾನ್ಸರ್ ಬರುತ್ತಂತೆ, ಹೌದಾ?" ಎಂದು ಇನ್ನು ಕೆಲವರು. ಮೊದಲನೆಯದಕ್ಕೆ ಉತ್ತರ ಒಂದೇ ಮಾತು: ಇಲ್ಲ. ಎರಡನೆಯದಕ್ಕೆ ಮಾತ್ರ ಯಾವ ಔಷಧಿ, ಎಷ್ಟು, ಎಷ್ಟು ಕಾಲ ಎಂದು ವಿಚಾರಿಸದೆ ಉತ್ತರ ಕೊಡಲು ಬರುವುದಿಲ್ಲ. ಜನ ಸಾಮಾನ್ಯವಾಗಿ ಹೆದರಬೇಕಾಗಿಲ್ಲದ್ದಕ್ಕೆ ಹೆದರಿ, ಲೆಕ್ಕ ಇಡಬೇಕಾದ್ದರ ಲೆಕ್ಕ ಇಡುವುದಿಲ್ಲ. ಆದ್ದರಿಂದ ಇಷ್ಟುದ್ದ ಬರೆಯಬೇಕಾಯಿತು.

ಮೊದಲು ಕಲೆಯ ವಿಷಯ. ಚರ್ಮದ ಕೆಳಪದರದಲ್ಲಿ ಹುಟ್ಟಿದ ಜೀವಕೋಶ ಮೇಲಕ್ಕೆ ಬಂದು ಉದುರಲು ಮಾಮೂಲಾಗಿ ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಸೋರಿಯಾಸಿಸ್‌ನಲ್ಲಿ ಈ ಕೆಲಸ ಮೂರರಿಂದ ಐದು ದಿನಗಳಲ್ಲಿ ಮುಗಿಯುತ್ತದೆ. ಬಲಿಯದ ಕೋಶಗಳೇ ಮೇಲೆ ಬಂದು ಬೆಳ್ಳಿಬಣ್ಣದ ಹೊಟ್ಟಾಗಿ ಕೂರುತ್ತವೆ. ಇಷ್ಟು ವೇಗವಾಗಿ ಬೆಳೆಯುವುದನ್ನು ಕಂಡವರಿಗೆ ಕ್ಯಾನ್ಸರ್ ನೆನಪಾಗುವುದು ಸಹಜವೇ. ಆದರೆ ಇಲ್ಲಿ ಕೋಶಗಳು ತಾವಾಗಿ ಕೆಟ್ಟಿಲ್ಲ. ರೋಗನಿರೋಧಕ ವ್ಯವಸ್ಥೆಯಿಂದ ಟಿಎನ್‌ಎಫ್, ಇಂಟರ್‌ಲ್ಯೂಕಿನ್-17, ಇಂಟರ್‌ಲ್ಯೂಕಿನ್-23 ಮುಂತಾದ ಸಂಕೇತಗಳು ಬರುತ್ತಿರುವಷ್ಟು ಹೊತ್ತು ಓಡುತ್ತವೆ. ಸಂಕೇತ ತಡೆದರೆ ಓಟ ನಿಲ್ಲುತ್ತದೆ, ಚರ್ಮ ಗಾಯದ ಗುರುತೂ ಉಳಿಯದಂತೆ ಮೊದಲಿನಂತಾಗುತ್ತದೆ. ಕ್ಯಾನ್ಸರ್ ಕೋಶದ ದೋಷ ಅದರ ವಂಶವಾಹಿಯಲ್ಲೇ ಇರುತ್ತದೆ, ಅದಕ್ಕೆ ಹೊರಗಿನವರ ಅಪ್ಪಣೆ ಬೇಕಿಲ್ಲ. ಮೊಣಕೈ, ಮೊಣಕಾಲಿನ ಮೇಲೆ ಮೂವತ್ತು ವರ್ಷ ಕಲೆ ಇದ್ದರೂ ಅದೇ ಕ್ಯಾನ್ಸರ್ ಆಗಿ ತಿರುಗುವುದಿಲ್ಲ.

ಹಾಗಾದರೆ "ಅಪಾಯ ಹೆಚ್ಚು" ಎಂಬ ಸುದ್ದಿ ಎಲ್ಲಿಂದ ಬಂತು? ಸುಳ್ಳೇನಲ್ಲ. ಹಿಂದಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಜಾಮಾ ಡರ್ಮಟಾಲಜಿ ಪತ್ರಿಕೆಯಲ್ಲಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಸೋರಿಯಾಸಿಸ್ ಇರುವವರಲ್ಲಿ ಒಟ್ಟಾರೆ ಕ್ಯಾನ್ಸರ್ ಪ್ರಮಾಣ ಇಲ್ಲದವರ 1.21 ಪಟ್ಟು. ಮೆಲನೋಮಾ (ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್) ಬಿಟ್ಟು ಉಳಿದ ಚರ್ಮದ ಕ್ಯಾನ್ಸರ್ 2.28 ಪಟ್ಟು, ಲಿಂಫೋಮಾ (ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್) 1.56 ಪಟ್ಟು, ಶ್ವಾಸಕೋಶದ್ದು 1.26 ಪಟ್ಟು. ಇದನ್ನು ಓದಿ "ನೂರರಲ್ಲಿ 21 ಜನಕ್ಕೆ ಬರುತ್ತದೆ" ಎಂದುಕೊಳ್ಳುವವರೇ ಹೆಚ್ಚು. ಹಾಗಲ್ಲ. ಸೋರಿಯಾಸಿಸ್ ಇಲ್ಲದ ನೂರು ಜನರಲ್ಲಿ ಹತ್ತು ಜನಕ್ಕೆ ಬರುವಂಥ ಅವಧಿಯಲ್ಲಿ, ಇರುವ ನೂರು ಜನರಲ್ಲಿ ಹನ್ನೆರಡು ಜನಕ್ಕೆ ಬರಬಹುದು ಎಂದರ್ಥ. ಲಿಂಫೋಮಾ ಬಗ್ಗೆ ಬ್ರಿಟನ್ನಿನ ದಾಖಲೆಗಳನ್ನು ಇಟ್ಟುಕೊಂಡು 2006ರಲ್ಲಿ ಮಾಡಿದ ಲೆಕ್ಕ ಇನ್ನೂ ಸ್ಪಷ್ಟ: ಸೋರಿಯಾಸಿಸ್‌ನಿಂದಾಗಿ ಹೆಚ್ಚುವರಿಯಾಗಿ ಬರುವ ಲಿಂಫೋಮಾ ವರ್ಷಕ್ಕೆ ಲಕ್ಷ ರೋಗಿಗಳಿಗೆ 7.9. ಅಂದರೆ ಹೆಚ್ಚುಕಡಿಮೆ 12,500 ರೋಗಿಗಳಲ್ಲಿ ವರ್ಷಕ್ಕೆ ಒಬ್ಬರು. "ಪಟ್ಟು" ಎಂಬ ಪದ ಕಂಡ ಕೂಡಲೇ "ಎಷ್ಟರ ಪಟ್ಟು?" ಎಂದು ಕೇಳುವ ಅಭ್ಯಾಸ ಒಳ್ಳೆಯದು.

ಈ ಹೆಚ್ಚಳವೆಲ್ಲ ಚರ್ಮರೋಗದ್ದೇ ಎನ್ನುವ ಹಾಗೂ ಇಲ್ಲ. ಸೋರಿಯಾಸಿಸ್ ಇರುವವರಲ್ಲಿ ಸಿಗರೇಟು, ಕುಡಿತ, ಬೊಜ್ಜು ಮೂರೂ ಉಳಿದವರಿಗಿಂತ ಹೆಚ್ಚು. ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರಿಗೆ ತಂಬಾಕು. ಬಾಯಿ, ಗಂಟಲು, ಅನ್ನನಾಳ, ಯಕೃತ್ತಿಗೆ ಮದ್ಯ. ಬೊಜ್ಜಂತೂ 13 ಬಗೆಯ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲೇ ಹೇಳಿದೆ. ಅಂಗಿಯ ಜೇಬಲ್ಲಿ ಸಿಗರೇಟು ಪ್ಯಾಕು ಇಟ್ಟುಕೊಂಡು "ಬಯಲಾಜಿಕ್ ಇಂಜೆಕ್ಷನ್ ತಗೊಂಡ್ರೆ ಕ್ಯಾನ್ಸರ್ ಬರಲ್ವಾ?" ಎಂದು ಕೇಳುವವರಿಗೆ ಹೇಳುವ ಮಾತು ಒಂದೇ: ಆ ಪ್ಯಾಕಿನ ಮುಂದೆ, ಮೇಲೆ ಹೇಳಿದ ಸಂಕೇತಗಳನ್ನು ತಡೆಯುವ ಈ ಇಂಜೆಕ್ಷನ್ನಿನ ಅಪಾಯ ಏನೇನೂ ಅಲ್ಲ. ತೂಕ ಇಳಿಸಿದರೆ ಇನ್ನೊಂದು ಲಾಭವೂ ಇದೆ. ಕಲೆಗಳೂ ಕಡಿಮೆಯಾಗುತ್ತವೆ, ಔಷಧಿಯೂ ಚೆನ್ನಾಗಿ ಹಿಡಿಯುತ್ತದೆ.

ಈಗ ಚಿಕಿತ್ಸೆಗಳಿಗೆ ಬರೋಣ. ಇವುಗಳಲ್ಲಿ ಕ್ಯಾನ್ಸರ್ ಜೊತೆಗಿನ ನಂಟು ಅತ್ಯಂತ ಖಚಿತವಾಗಿರುವುದು ಪುವಾ ಎಂಬ ಬೆಳಕಿನ ಚಿಕಿತ್ಸೆಗೆ. ಸೋರಲೆನ್ ಮಾತ್ರೆ ನುಂಗಿಸಿ, ಸುಮಾರು ಎರಡು ಗಂಟೆಯ ನಂತರ ಯುವಿಎ ಎಂಬ ನೇರಳಾತೀತ ಬೆಳಕಿನ ಕ್ಯಾಬಿನ್ನಿನಲ್ಲಿ ನಿಲ್ಲಿಸುತ್ತಾರೆ. ಬೆಳಕು ಬಿದ್ದಾಗ ಸೋರಲೆನ್ ಕೋಶದ ಡಿಎನ್‌ಎಗೆ ಅಂಟಿ ಅದರ ಎರಡು ಎಳೆಗಳನ್ನು ಬೆಸೆದುಬಿಡುತ್ತದೆ, ಕೋಶ ವಿಭಜನೆಯಾಗಲಾರದು. ಕಲೆ ಕರಗುವುದೂ ಇದರಿಂದಲೇ, ಅಪಾಯ ಬರುವುದೂ ಇದರಿಂದಲೇ. ಅಮೆರಿಕದಲ್ಲಿ 1970ರ ದಶಕದ ಮಧ್ಯದಲ್ಲಿ ಪುವಾ ಪಡೆದ 1,380 ಮಂದಿಯನ್ನು ದಶಕಗಟ್ಟಲೆ ಹಿಂಬಾಲಿಸಿ ನೋಡಿದ್ದಾರೆ. 150ಕ್ಕಿಂತ ಕಡಿಮೆ ಸಿಟ್ಟಿಂಗ್ ಆದವರಲ್ಲಿ ಸ್ಕ್ವಾಮಸ್ ಸೆಲ್ ಎಂಬ ಚರ್ಮದ ಕ್ಯಾನ್ಸರ್ ಹೆಚ್ಚಾದರೂ ಅಲ್ಪವೇ. 350 ದಾಟಿದವರಲ್ಲಿ ವಿಪರೀತ ಹೆಚ್ಚಳ. ಮೊದಲ ಸಿಟ್ಟಿಂಗ್ ಆಗಿ ಸುಮಾರು 15 ವರ್ಷ ಕಳೆದ ಮೇಲೆ ಮೆಲನೋಮಾ ಕೂಡ ಏರತೊಡಗಿತು. ಗಂಡಸರ ಜನನಾಂಗದಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿದ್ದೂ ಇದೇ ಗುಂಪಿನಲ್ಲಿ. ಕ್ಯಾಬಿನ್ನಿನಲ್ಲಿ ಆ ಭಾಗ ಮುಚ್ಚಿಕೊಳ್ಳಿ ಎನ್ನುವುದು ಮಾನಕ್ಕಾಗಿ ಅಲ್ಲ, ಇದಕ್ಕಾಗಿ. ಮಾತ್ರೆ ನುಂಗಿದ ಮೇಲೆ 24 ಗಂಟೆ ಯುವಿಎ ತಡೆಯುವ ಕನ್ನಡಕವೂ ಬೇಕು, ಕಣ್ಣಿನ ಮಸೂರ ಹಾಳಾಗದಿರಲು. ಈ ಸಂಖ್ಯೆಗಳು ಬಂದದ್ದು ಬಹುತೇಕ ಬಿಳಿ ಚರ್ಮದವರಿಂದ. ಕಂದು ಚರ್ಮದಲ್ಲಿ ಇಷ್ಟೇ ಮಟ್ಟದ ಹೆಚ್ಚಳ ಕಂಡುಬಂದಿಲ್ಲ, ಆದರೂ ಲೆಕ್ಕ ಬಿಡುವ ಹಾಗಿಲ್ಲ.

ಲೆಕ್ಕ ಎಂದದ್ದು ಅಕ್ಷರಶಃ. ಪ್ರತಿ ಸಿಟ್ಟಿಂಗಿನ ತಾರೀಕು, ಪುವಾನೋ ಯುವಿಬಿಯೋ (ಇದು ಇನ್ನೊಂದು ಬಗೆಯ ನೇರಳಾತೀತ ಬೆಳಕು), ಎಷ್ಟು ಜೌಲ್ (ಬೆಳಕಿನ ಡೋಸಿನ ಅಳತೆ), ಕ್ರಮಸಂಖ್ಯೆ ಎಷ್ಟನೆಯದು – ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ರೋಗಿಯೇ ಬರೆದಿಡಬೇಕು. ಡಾಕ್ಟರು ಬದಲಾಗುತ್ತಾರೆ, ಆಸ್ಪತ್ರೆಯ ಫೈಲು ಕಳೆದುಹೋಗುತ್ತದೆ, ಹೊಸ ಕಡೆ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ. ಚರ್ಮ ಮಾತ್ರ ಹಳೆಯ ಎಣಿಕೆ ಮರೆಯುವುದಿಲ್ಲ. ಪುವಾ ಎಣಿಕೆ 150 ದಾಟಿದವರು ಬೇರೆ ದಾರಿ ನೋಡಬೇಕು, ಜೀವನಪೂರ್ತಿ ವರ್ಷಕ್ಕೊಮ್ಮೆ ತಲೆಯಿಂದ ಪಾದದವರೆಗೆ ಚರ್ಮ ತೋರಿಸಿಕೊಳ್ಳಬೇಕು.

ಈಗ ಹೆಚ್ಚಾಗಿ ಕೊಡುವ ನ್ಯಾರೋಬ್ಯಾಂಡ್ ಯುವಿಬಿ, ಅಂದರೆ 311 ನ್ಯಾನೊಮೀಟರ್ ಆಸುಪಾಸಿನ ಬೆಳಕು, ಬೇರೆಯದೇ. ಮಾತ್ರೆಯ ಗೊಡವೆ ಇಲ್ಲ. ಸ್ಕಾಟ್ಲೆಂಡಿನಲ್ಲಿ ಇದನ್ನು ಪಡೆದ 3,867 ಮಂದಿಯನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಇದೊಂದನ್ನೇ ಪಡೆದವರಲ್ಲಿ ಚರ್ಮದ ಕ್ಯಾನ್ಸರ್ ಗಮನಾರ್ಹವಾಗಿ ಹೆಚ್ಚಿರಲಿಲ್ಲ. ಮೈಬಣ್ಣ ಕಪ್ಪಾಗಿಸುವ ಟ್ಯಾನಿಂಗ್ ದೀಪವನ್ನು ಇದರ ಬದಲಿಗೆ ಬಳಸಬಾರದು; ಅದರಲ್ಲಿರುವುದು ಮುಖ್ಯವಾಗಿ ಯುವಿಎ, ಅಳತೆಯೂ ಇಲ್ಲ.

ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಸೈಕ್ಲೋಸ್ಪೊರಿನ್ ಔಷಧಿ ಎರಡನೆಯ ಎಚ್ಚರಿಕೆ. ಉಲ್ಬಣಗೊಂಡ ಸೋರಿಯಾಸಿಸ್ಸನ್ನು ವಾರಗಳಲ್ಲಿ ಹಿಡಿದು ನಿಲ್ಲಿಸುತ್ತದೆ, ಹಾಗಾಗಿ ಬಿಡಲು ಮನಸ್ಸಾಗುವುದಿಲ್ಲ. ಎರಡು ವರ್ಷ ಮೀರಿದರೆ ಚರ್ಮದ ಕ್ಯಾನ್ಸರ್ ಏರುತ್ತದೆ, ಮೊದಲು ಪುವಾ ಆಗಿದ್ದರಂತೂ ಇನ್ನೂ ಹೆಚ್ಚು. ಆದ್ದರಿಂದಲೇ ಅಮೆರಿಕದಲ್ಲಿ ಒಂದು ವರ್ಷ, ಬ್ರಿಟನ್ನಿನಲ್ಲಿ ಎರಡು ವರ್ಷ ಎಂಬ ಮಿತಿ. ಪುವಾ ಮತ್ತು ಸೈಕ್ಲೋಸ್ಪೊರಿನ್ ಒಟ್ಟಿಗೆ ನಡೆಯಲೇಬಾರದು.

ಮೆಥೊಟ್ರೆಕ್ಸೇಟ್ ವಿಷಯದಲ್ಲಿ ಜನ ಕ್ಯಾನ್ಸರಿಗೆ ಹೆದರುತ್ತಾರೆ, ನಮಗೆ ಹೆದರಿಕೆ ಬೇರೆಯದಕ್ಕೆ. ಇದನ್ನು ಕ್ಯಾನ್ಸರಿಗೂ ಕೊಡುತ್ತಾರಾದರೂ ಸೋರಿಯಾಸಿಸ್‌ಗೆ ಕೊಡುವುದು ವಾರಕ್ಕೆ 7.5ರಿಂದ 25 ಮಿಲಿಗ್ರಾಂ ಮಾತ್ರ, ಅದೂ ವಾರಕ್ಕೆ ಒಂದೇ ದಿನ. ಅಪರೂಪಕ್ಕೆ ಲಿಂಫೋಮಾದಂಥ ಗಂಟು ಕಾಣಿಸಿಕೊಂಡರೂ ಎಷ್ಟೋ ಸಲ ಔಷಧಿ ನಿಲ್ಲಿಸಿದಾಗ ತಾನಾಗಿ ಕರಗುತ್ತದೆ. ನಿಜವಾದ ಅನಾಹುತ ಆಗುವುದು ವಾರದ ಮಾತ್ರೆಯನ್ನು ದಿನಾ ನುಂಗಿದಾಗ. ಆಗ ಬಾಯಲ್ಲಿ ಹುಣ್ಣಾಗುತ್ತದೆ, ಹಳೆಯ ಕಲೆಗಳು ಒಡೆದು ಹಸಿಗಾಯವಾಗುತ್ತವೆ. ಇದನ್ನು ಕಂಡು "ಕಲೆ ಕ್ಯಾನ್ಸರ್ ಆಯ್ತು" ಎಂದು ಗಾಬರಿಯಾಗುವವರಿದ್ದಾರೆ. ಅದು ಔಷಧಿಯ ವಿಷ. ಅಂದೇ ಆಸ್ಪತ್ರೆಗೆ ಹೋಗಿ ರಕ್ತಕಣಗಳ ಎಣಿಕೆ ಮಾಡಿಸಬೇಕು, ಮರುದಿನಕ್ಕೂ ತಳ್ಳಬಾರದು.

ಬಯಲಾಜಿಕ್‌ಗಳ ಬಗ್ಗೆ ಭಯ ವಾಸ್ತವಕ್ಕಿಂತ ದೊಡ್ಡದಿದೆ. ಮೇಲೆ ಹೇಳಿದ 2020ರ ವಿಶ್ಲೇಷಣೆಯಲ್ಲೇ ಬಯಲಾಜಿಕ್ ಪಡೆದವರ ಪ್ರಮಾಣ 0.97 ಪಟ್ಟು, ಅಂದರೆ ಹೆಚ್ಚಿಲ್ಲ. ಟಿಎನ್‌ಎಫ್ ತಡೆಯುವ ಅಡಾಲಿಮುಮ್ಯಾಬ್, ಇನ್‌ಫ್ಲಿಕ್ಸಿಮ್ಯಾಬ್ ಮುಂತಾದವುಗಳ ಪೊಟ್ಟಣದ ಮೇಲೆ ಲಿಂಫೋಮಾ ಎಚ್ಚರಿಕೆ ಇದೆ ನಿಜ. ಮೆಲನೋಮಾ ಅಲ್ಲದ ಚರ್ಮದ ಕ್ಯಾನ್ಸರ್ ಇವುಗಳಿಂದ ಕೊಂಚ ಹೆಚ್ಚಾಗುವುದೂ ನಿಜ. ಇಂಟರ್‌ಲ್ಯೂಕಿನ್-17 ಮತ್ತು 23ನ್ನು ತಡೆಯುವ ಹೊಸ ಇಂಜೆಕ್ಷನ್‌ಗಳಲ್ಲಿ ಅಂಥ ಸುಳಿವು ಸಿಕ್ಕಿಲ್ಲ. ಸೋರಿಯಾಟಿಕ್ ಸಂಧಿವಾತಕ್ಕೆ ಬಳಸುವ ಟೊಫಾಸಿಟಿನಿಬ್ ಮಾತ್ರೆಯ ಮಾತು ಬೇರೆ. ರುಮಟಾಯ್ಡ್ ಸಂಧಿವಾತ ಇದ್ದ, 50 ದಾಟಿದ, ಹೃದ್ರೋಗದ ಸಂಭವವೂ ಇದ್ದವರ ಮೇಲೆ ನಡೆದ, 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಟೊಫಾಸಿಟಿನಿಬ್ ಗುಂಪಿನಲ್ಲಿ ಶೇ 4.2, ಟಿಎನ್‌ಎಫ್ ತಡೆ ಗುಂಪಿನಲ್ಲಿ ಶೇ 2.9 ಮಂದಿಗೆ ಕ್ಯಾನ್ಸರ್ ಬಂತು. ವಯಸ್ಸಾದ ಧೂಮಪಾನಿಗೆ ಇದನ್ನು ಕೊಡುವ ಮುನ್ನ ಎರಡು ಸಲ ಯೋಚಿಸಬೇಕು.

ವಿಟಮಿನ್ ಎ ಜಾತಿಯ ಅಸಿಟ್ರೆಟಿನ್ ಮಾತ್ರೆ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವುದಿಲ್ಲ, ಚರ್ಮದ ಕ್ಯಾನ್ಸರನ್ನು ತುಸು ತಡೆಯುವ ಗುಣವೂ ಇದೆ. ಆದರೆ ನಿಲ್ಲಿಸಿದ ಮೇಲೂ ಮೂರು ವರ್ಷ ಗರ್ಭ ಧರಿಸುವಂತಿಲ್ಲ. ಡಾಂಬರು ಮುಲಾಮು, ಅಂದರೆ ಕೋಲ್ ಟಾರ್, ಬಗ್ಗೆಯೂ ಕೇಳುತ್ತಾರೆ. ಚಿಮಣಿ ಗುಡಿಸುವವರಿಗೆ ಮಸಿಯಿಂದ ಕ್ಯಾನ್ಸರ್ ಬರುವುದನ್ನು ಪರ್ಸಿವಲ್ ಪಾಟ್ 1775ರಲ್ಲೇ ಗುರುತಿಸಿದ್ದರಿಂದ ಈ ಅನುಮಾನ ಹಳೆಯದು. ನೆದರ್‌ಲ್ಯಾಂಡ್ಸ್‌ನಲ್ಲಿ ಸೋರಿಯಾಸಿಸ್ ಮತ್ತು ಎಕ್ಸಿಮಾ ಇದ್ದ 13,200 ಮಂದಿಯ ದಾಖಲೆ ನೋಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುಲಾಮಿನಿಂದ ಹೆಚ್ಚಳ ಕಾಣಲಿಲ್ಲ. ಆರ್ಸೆನಿಕ್ ಮಾತ್ರ ನಿಜವಾದ ಖಳ. ಹಿಂದೆ ಸೋರಿಯಾಸಿಸ್‌ಗೆ ಕುಡಿಸುತ್ತಿದ್ದ ಫೌಲರ್ ದ್ರಾವಣದಿಂದ ದಶಕಗಳ ನಂತರ ಅಂಗೈ ಅಂಗಾಲಲ್ಲಿ ಗಂಟಿನಂಥ ಗಡಸು ಚುಕ್ಕೆ, ಮೈಮೇಲೆ ಚರ್ಮದ ಕ್ಯಾನ್ಸರ್ ಬಂದವು. ಒಳಗೇನಿದೆ ಎಂದು ಬರೆಯದ ಪುಡಿ, ಗುಳಿಗೆಗಳನ್ನು ದೂರ ಇಡಲು ಇಷ್ಟು ಸಾಕು.

ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಸೋರಿಯಾಸಿಸ್ ಕ್ಯಾನ್ಸರ್ ಆಗುವುದಿಲ್ಲ, ಆದರೆ ಮೊದಲಿನಿಂದಲೂ ಕ್ಯಾನ್ಸರೇ ಆಗಿದ್ದದ್ದಕ್ಕೆ ಸೋರಿಯಾಸಿಸ್ ಎಂದು ಹೆಸರಿಟ್ಟು ವರ್ಷಗಟ್ಟಲೆ ಮುಲಾಮು ಹಚ್ಚುವುದುಂಟು. ಮೈಕೋಸಿಸ್ ಫಂಗಾಯ್ಡಿಸ್ ಎಂಬ ಚರ್ಮದ ಲಿಂಫೋಮಾ ಪೃಷ್ಠ, ಸೊಂಟ, ತೊಡೆಯ ಒಳಬದಿಯಂಥ ಬಿಸಿಲು ಬೀಳದ ಜಾಗದಲ್ಲಿ ತೆಳ್ಳಗಿನ, ಸುಕ್ಕುಗಟ್ಟಿದ, ಸಣ್ಣ ಹೊಟ್ಟಿನ ಮಚ್ಚೆಯಾಗಿ ಶುರುವಾಗುತ್ತದೆ. ಕಂದು ಚರ್ಮದಲ್ಲಿ ಬಿಳುಚಿದ ಮಚ್ಚೆಯಾಗಿಯೂ ಕಾಣಬಹುದು. ಮೈಯಲ್ಲೆಲ್ಲೂ ಇಲ್ಲದೆ ಒಂದೇ ಒಂದು ಕಲೆ ಇದ್ದು, ಸರಿಯಾದ ಮುಲಾಮಿಗೂ ಎರಡು ಮೂರು ತಿಂಗಳಲ್ಲಿ ಜಗ್ಗದೆ ನಿಧಾನಕ್ಕೆ ಅಂಚು ಹಿಗ್ಗಿಸುತ್ತಿದ್ದರೆ ಬೋವೆನ್ ಕಾಯಿಲೆ, ಅಂದರೆ ಇನ್ನೂ ಮೇಲ್ಪದರದಲ್ಲೇ ಇರುವ ಆರಂಭದ ಚರ್ಮದ ಕ್ಯಾನ್ಸರ್, ಇರಬಹುದು. ಒಂದೇ ಮೊಲೆತೊಟ್ಟಿನ ಮೇಲಿನ ಹೊಟ್ಟು ಪ್ಯಾಜೆಟ್ ಕಾಯಿಲೆಯಾಗಿರಬಹುದು, ಅದರ ಹಿಂದೆ ಬಹುತೇಕ ಸ್ತನ ಕ್ಯಾನ್ಸರ್ ಇರುತ್ತದೆ. ಉಗುರಿನಲ್ಲಿ ಸೋರಿಯಾಸಿಸ್ ಸಾಮಾನ್ಯವಾಗಿ ಹಲವು ಉಗುರುಗಳಿಗೆ ಬರುತ್ತದೆ: ಸೂಜಿ ಚುಚ್ಚಿದಂಥ ಗುಳಿ, ಎಣ್ಣೆ ಹನಿಯಂಥ ಕಲೆ. ಒಂದೇ ಉಗುರಿನಡಿ ನರುಳ್ಳೆಯಂತೆ ಬೆಳೆದು ನೀರು ಸೋರುತ್ತಿದ್ದರೆ, ಅಥವಾ ಒಂದೇ ಉಗುರಿನ ಕಪ್ಪು ಪಟ್ಟಿ ಅಗಲವಾಗುತ್ತ ಬುಡದ ಚರ್ಮಕ್ಕೂ ಹಬ್ಬಿದ್ದರೆ ಕಾಯಬಾರದು. ಕಿವಿ, ಮೂಗಿನ ತುದಿ, ಬೆರಳುಗಳಲ್ಲಿ ಮಾತ್ರ ಹೊಸದಾಗಿ ಸೋರಿಯಾಸಿಸ್‌ನಂಥದ್ದು ಎದ್ದ ನಡುವಯಸ್ಸಿನ ಗಂಡಸಿನ ಗಂಟಲು, ಶ್ವಾಸಕೋಶ ನೋಡಬೇಕು. ಒಳಗಿನ ಕ್ಯಾನ್ಸರಿನ ಜೊತೆ ಬರುವ ಈ ಬೇಜೆಕ್ಸ್ ಸಿಂಡ್ರೋಮ್‌ನಲ್ಲಿ ಚರ್ಮ ಮೊದಲು ಸುಳಿವು ಕೊಡುತ್ತದೆ.

ಇವುಗಳಿಗೆಲ್ಲ ಪರೀಕ್ಷೆ ಬಯಾಪ್ಸಿ. ಮರಗಟ್ಟುವ ಇಂಜೆಕ್ಷನ್ ಕೊಟ್ಟು 4ರಿಂದ 6 ಮಿಲಿಮೀಟರ್ ಚೂರು ತೆಗೆಯುತ್ತಾರೆ, ಒಂದೆರಡು ಹೊಲಿಗೆ ಬೀಳುತ್ತದೆ. ಇದು ತಪ್ಪುವುದು ಎಲ್ಲಿ ಎಂದರೆ, ಹಿಂದಿನ ದಿನದವರೆಗೂ ಸ್ಟಿರಾಯ್ಡ್ ಮುಲಾಮು ಹಚ್ಚಿಕೊಂಡು ಹೋದಾಗ. ಲಿಂಫೋಮಾದ ಕೋಶಗಳು ಅದರಿಂದ ಅಡಗಿಕೊಳ್ಳುತ್ತವೆ, ವರದಿ "ಸಾಮಾನ್ಯ ಉರಿಯೂತ" ಎಂದು ಬರುತ್ತದೆ. ಆ ಜಾಗಕ್ಕೆ ಎರಡರಿಂದ ನಾಲ್ಕು ವಾರ ಮುಲಾಮು ನಿಲ್ಲಿಸಿ, ಎರಡು ಮೂರು ಕಡೆಯಿಂದ ಚೂರು ತೆಗೆಸುವುದು ಸರಿ. ಒಂದು ವರದಿ ಸಪ್ಪೆ ಬಂದರೂ ಮಚ್ಚೆ ಹಾಗೇ ಇದ್ದರೆ ಮತ್ತೆ ಮಾಡಿಸಬೇಕು. ಬಯಲಾಜಿಕ್ ಶುರು ಮಾಡಿದ ಮೇಲೆ ಕಲೆಗಳು ಇಳಿಯುವ ಬದಲು ಹಬ್ಬಿದರೆ ಡೋಸು ಏರಿಸುವ ಮುನ್ನ ಬಯಾಪ್ಸಿ ಆಗಬೇಕು.

ಸೋರಿಯಾಸಿಸ್ ಇದೆ ಎಂಬ ಒಂದೇ ಕಾರಣಕ್ಕೆ ಮೈಯೆಲ್ಲ ಸ್ಕ್ಯಾನ್ ಮಾಡಿಸುವುದು ದಂಡ. ವಯಸ್ಸಿಗೆ ತಕ್ಕಂತೆ ಎಲ್ಲರಿಗೂ ಹೇಳುವ ಸ್ತನ, ಗರ್ಭಕಂಠ, ದೊಡ್ಡಕರುಳಿನ ತಪಾಸಣೆ ಸಾಕು. ಅದನ್ನು ತಪ್ಪಿಸದಿರುವುದೇ ಮುಖ್ಯ.

ಹಿಂದೆ ಕ್ಯಾನ್ಸರ್ ಆಗಿ ವಾಸಿಯಾದವರಿಗೆ ಯುವಿಬಿ, ಅಸಿಟ್ರೆಟಿನ್, ಅಪ್ರೆಮಿಲಾಸ್ಟ್ ಎಂಬ ಮಾತ್ರೆ ಮೊದಲು ನೋಡುವ ದಾರಿಗಳು. ಕ್ಯಾನ್ಸರ್ ಚರ್ಮದ್ದೇ ಆಗಿತ್ತು ಎಂದರೆ ಯುವಿಬಿ ಬಿಟ್ಟು. ಬಯಲಾಜಿಕ್ ಕೊಡಲು ಐದು ವರ್ಷ ಕಾಯಬೇಕೆಂಬ ಹಳೆಯ ರೂಢಿ ಈಗ ಸಡಿಲವಾಗುತ್ತಿದೆ, ಆದರೆ ಬಯಲಾಜಿಕ್ ನಿರ್ಧಾರಕ್ಕೆ ಕ್ಯಾನ್ಸರ್ ತಜ್ಞರ ಒಪ್ಪಿಗೆ ಬೇಕು. ಉಲ್ಟಾ ಪ್ರಶ್ನೆಯೂ ಇತ್ತೀಚೆಗೆ ಬರುತ್ತಿದೆ. ಕ್ಯಾನ್ಸರಿನ ವಿರುದ್ಧ ರೋಗನಿರೋಧಕ ವ್ಯವಸ್ಥೆಯನ್ನೇ ಎಬ್ಬಿಸುವ ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಮುಂತಾದ ಇಮ್ಯುನೊಥೆರಪಿ ಪಡೆದಾಗ ಆರಿದ್ದ ಸೋರಿಯಾಸಿಸ್ ಕೆರಳುತ್ತದೆ, ಇಲ್ಲದವರಿಗೂ ಹೊಸದಾಗಿ ಬರುತ್ತದೆ. ಬಹುಪಾಲು ಸಲ ಮುಲಾಮು, ಬೆಳಕು, ಅಸಿಟ್ರೆಟಿನ್‌ನಲ್ಲೇ ಹತೋಟಿಗೆ ಬರುತ್ತದೆ, ಕ್ಯಾನ್ಸರ್ ಚಿಕಿತ್ಸೆ ನಿಲ್ಲಿಸಬೇಕಾಗಿಲ್ಲ. ನಿಮಗೆ ಸೋರಿಯಾಸಿಸ್ ಇದೆ ಎಂಬುದನ್ನು ಮೊದಲ ಡ್ರಿಪ್ಪಿಗೆ ಮುಂಚೆಯೇ ಕ್ಯಾನ್ಸರ್ ತಜ್ಞರಿಗೆ ತಿಳಿಸಿ. ಬೇರೆ ಅಡ್ಡಪರಿಣಾಮಕ್ಕೆಂದು ಅವರು ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಕೊಟ್ಟರೆ ಥಟ್ಟನೆ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದಾಗಲೇ ಮೈತುಂಬ ಕೀವುಗುಳ್ಳೆ ಏಳುವ ಬಗೆಯ ಸೋರಿಯಾಸಿಸ್ ಕಾಣಿಸಿಕೊಳ್ಳುವುದು.