ಹಿರಿಯರು ಕಾಣೆಯಾದಾಗ: ಊರಿನ ಊಹೆ, ತನಿಖೆಯ ಅಗತ್ಯ

ನಮ್ಮ ಕಡೆ ವಯಸ್ಸಾದವರೊಬ್ಬರು ಕಾಣುತ್ತಿಲ್ಲ ಎಂದರೆ ಹಳಬರು ಮೊದಲು ಕೇಳುವುದು "ಬಾವಿ ನೋಡಿದಿರಾ?" ಎಂದು. ಕೇಳಲು ಕಠಿಣ, ಆದರೆ ಸರಿಯಾದ ಪ್ರಶ್ನೆ. ಈಗ ಆ ಪ್ರಶ್ನೆ ಏಳುವ ಮೊದಲೇ "ಎತ್ತಿಕೊಂಡು ಹೋಗಿದ್ದಾರಂತೆ" ಎಂಬ ಮೆಸೇಜ್ ಸುರತ್ಕಲ್‌ನಿಂದ ಕುಂದಾಪುರ ಮುಟ್ಟಿರುತ್ತದೆ. ಮಕ್ಕಳು ದುಬೈಯಲ್ಲೋ ಬೆಂಗಳೂರಿನಲ್ಲೋ ಇದ್ದು, ದೊಡ್ಡ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬರೋ ಇಬ್ಬರೋ ಉಳಿದಿರುವ ಮನೆಗಳು ಮಂಗಳೂರು, ಉಡುಪಿಯಲ್ಲಿ ಎಷ್ಟೋ ಇವೆ. ಹಾಗಾಗಿ ಭಯ ಸಹಜ. ಆದರೆ ಆ ಭಯದಿಂದ ಹುಟ್ಟುವ ಊಹೆ ತನಿಖೆಯ ಯಾವ ಯಾವ ಎಳೆಯನ್ನು ಕಡಿದುಹಾಕುತ್ತದೆ ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಅದಕ್ಕೇ ಈ ಬರಹ.

ಮೊದಲ ಅರ್ಧ ಗಂಟೆ ಮನೆಯದ್ದು. ಚಿಲಕ ಹಾಕಿಕೊಂಡ ಬಚ್ಚಲು, ಅಟ್ಟ, ಮಾಳಿಗೆಯ ಮುಚ್ಚಿದ ಕೋಣೆ, ನಿಲ್ಲಿಸಿಟ್ಟ ಕಾರಿನ ಒಳಗೆ, ಕೊಟ್ಟಿಗೆ, ಬಾವಿ. ಆಮೇಲೆ ತೋಟ, ತೋಡು, ಗುಡ್ಡೆ, ಮಳೆನೀರು ನಿಂತ ಕೆಂಪುಕಲ್ಲಿನ ಕೋರೆ. ಮರೆವಿನ ಕಾಯಿಲೆ ಇರುವವರು ಹೆಸರು ಹಿಡಿದು ಕರೆದರೆ ಓಗೊಡದೇ ಇರಬಹುದು. ಪೊದೆಯ ಮಧ್ಯೆ ಸಿಕ್ಕಿಹಾಕಿಕೊಂಡು ಸುಮ್ಮನೆ ಕುಳಿತಿರಬಹುದು. ಅವರು ಹೋಗುವುದು ಹೆಚ್ಚಾಗಿ ಹಳೆಯ ಜಾಗಕ್ಕೆ: ತವರುಮನೆ, ಕಲಿಸಿದ ಶಾಲೆ, ಮೊದಲು ಅಂಗಡಿ ಇದ್ದ ಪೇಟೆ.

ಈ ಹುಡುಕಾಟಕ್ಕೆ ಇಬ್ಬರು ಸಾಕು. ಹತ್ತು ಹದಿನೈದು ಜನ ಅಂಗಳ ತುಳಿದರೆ ಹೆಜ್ಜೆ ಗುರುತು, ಟಯರಿನ ಗುರುತು ಎರಡೂ ಹೋಗುತ್ತವೆ, ಶ್ವಾನದಳ ಬಂದರೂ ನಾಯಿಗೆ ವಾಸನೆ ಸರಿಯಾಗಿ ಸಿಗುವುದಿಲ್ಲ. ನಮ್ಮ ಮಳೆಗಾಲದಲ್ಲಂತೂ ಒಂದು ಜಡಿಮಳೆ ಸಾಕು. ಗುರುತು ಕಂಡರೆ ಅದರ ಮೇಲೆ ಬೋಗುಣಿ ಕವುಚಿ ಹಾಕಿ, ಬಳಿಕ ಟಾರ್ಪಾಲು ಕಟ್ಟಿ. ಚಪ್ಪಲಿ, ಕನ್ನಡಕ, ಶ್ರವಣಯಂತ್ರ, ಮಾತ್ರೆ ಡಬ್ಬಿ ಇವು ಮನೆಯಲ್ಲೇ ಉಳಿದಿವೆಯೇ ನೋಡಿ, ಬರೆದಿಟ್ಟುಕೊಳ್ಳಿ, ಮುಟ್ಟಬೇಡಿ. ಕನ್ನಡಕ ಇಲ್ಲದೆ ಬಾಗಿಲು ದಾಟದವರ ಕನ್ನಡಕ ಮಂಚದ ಪಕ್ಕದಲ್ಲಿದ್ದರೆ ಅದು ದೊಡ್ಡ ಸುಳಿವು. ದಿಂಬಿನ ಹೊದಿಕೆಯನ್ನು ಯಾರೂ ಕೈಯಲ್ಲಿ ಹಿಡಿಯಬಾರದು, ನಾಯಿಗೆ ಮೂಸಿಸಲು ಅದೇ ಬೇಕಾಗುತ್ತದೆ.

24 ಗಂಟೆ ಕಾಯಬೇಕು ಎಂಬ ನಿಯಮ ಎಲ್ಲಿಯೂ ಇಲ್ಲ. 112ಕ್ಕೆ ಕರೆ ಮಾಡಿ, ಜೊತೆಗೆ ಠಾಣೆಗೂ ಹೋಗಿ. ದೂರಿನಲ್ಲಿ ಸಂಜ್ಞೇಯ ಅಪರಾಧ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದದ್ದು) ಕಂಡುಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿಯ ಬದಲಿಗೆ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ನಮ್ಮಲ್ಲಿ ಇದಕ್ಕೆ ಬೆಲೆ ಹೆಚ್ಚು. ಮಂಗಳೂರು ನಗರ ಕಮಿಷನರ್ ವ್ಯಾಪ್ತಿ, ಬಂಟ್ವಾಳದಿಂದ ಆಚೆ ಜಿಲ್ಲಾ ಎಸ್‌ಪಿ ವ್ಯಾಪ್ತಿ, ಹೆಜಮಾಡಿ ದಾಟಿದರೆ ಉಡುಪಿ, ತಲಪಾಡಿ ದಾಟಿದರೆ ಕೇರಳ. ಒಂದು ಗಂಟೆಯ ಕಾರು ಪ್ರಯಾಣದಲ್ಲಿ ಇವುಗಳಲ್ಲಿ ಮೂರನ್ನು ದಾಟಬಹುದು.

"ಪೊಲೀಸರು ಬರೀ ಕಾಣೆ ಎಂದು ಕೇಸ್ ಹಾಕಿದ್ದಾರೆ, ಯಾರನ್ನೋ ಉಳಿಸುತ್ತಿದ್ದಾರೆ." ಇದು ಮೊದಲ ದಿನವೇ ಹರಿದಾಡುವ ಊಹೆ. ವಿಷಯ ಅಷ್ಟು ನಿಗೂಢವಲ್ಲ. ಹಳೆಯ ಐಪಿಸಿಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 138ರಲ್ಲಿ ಅಪಹರಣಕ್ಕೆ ಇರುವುದು ವ್ಯಾಖ್ಯೆ ಮಾತ್ರ: ಬಲವಂತದಿಂದ ಅಥವಾ ಮೋಸದಿಂದ ಒಬ್ಬರನ್ನು ಇದ್ದ ಜಾಗದಿಂದ ಹೋಗುವಂತೆ ಮಾಡುವುದು. ಶಿಕ್ಷೆ ನಿಲ್ಲುವುದು ಉದ್ದೇಶದ ಮೇಲೆ. ಹಣಕ್ಕಾಗಿ ಒತ್ತೆಯಿಟ್ಟರೆ ಕಲಂ 140(2), ಅದಕ್ಕೆ ಮರಣದಂಡನೆ ಅಥವಾ ಜೀವಾವಧಿ. ಬಚ್ಚಿಟ್ಟು ಕೂಡಿಹಾಕಲು ಒಯ್ದಿದ್ದರೆ 140(3), ಏಳು ವರ್ಷದವರೆಗೆ. ಬಲವಂತದ ಗುರುತೋ ಬೇಡಿಕೆಯ ಕರೆಯೋ ಸಿಗುವವರೆಗೆ "ಕಾಣೆ" ಎಂದೇ ದಾಖಲಾಗಬಹುದು. ಸಿಕ್ಕ ಮೇಲೆ ಕಲಂ ಸೇರಿಸಲು ಅದೇ ಎಫ್‌ಐಆರ್‌ನಲ್ಲಿ ಕೋರ್ಟಿಗೆ ವರದಿ ಹೋಗುತ್ತದೆ. ಮನೆಯವರು ಮಾಡಬೇಕಾದದ್ದು ಇಷ್ಟು: ಬಲವಂತದ ಗುರುತು ಏನಿದ್ದರೂ (ಮುರಿದ ಬಳೆ, ಒಳಗಿನಿಂದ ಹಾಕಬೇಕಿದ್ದ ಚಿಲಕ ತೆರೆದಿರುವುದು, ಕತ್ತರಿಸಿದ ಕ್ಯಾಮೆರಾ ವೈರು) ಮೊದಲ ದೂರಿನಲ್ಲೇ ಬರೆಯುವುದು.

ಅತಿ ಹೆಚ್ಚು ಊಹೆ ಹುಟ್ಟುವುದು ಸಿಸಿಟಿವಿಯಿಂದ. ಅತಿ ಹೆಚ್ಚು ಸಾಕ್ಷ್ಯ ಹಾಳಾಗುವುದೂ ಅಲ್ಲೇ. ಲೆಕ್ಕ ನೋಡಿ. ನಾಲ್ಕು ಕ್ಯಾಮೆರಾ, ತಲಾ 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ವೇಗದ ರೆಕಾರ್ಡಿಂಗ್ ಎಂದರೆ ದಿನಕ್ಕೆ ಸುಮಾರು 86 ಜಿಬಿ. 1 ಟಿಬಿ ಡಿಸ್ಕ್ ಹನ್ನೊಂದು ದಿನಕ್ಕೆ ತುಂಬಿ, ಹಳೆಯದರ ಮೇಲೆ ಹೊಸದು ಬರೆಯಲು ಶುರುವಾಗುತ್ತದೆ. ಕಿಡಿಗೇಡಿಗಳು ಮನೆ ನೋಡಿಕೊಂಡು ಹೋಗಲು ವಾರದ ಹಿಂದೆಯೇ ಬಂದಿದ್ದರೆ ಆ ದೃಶ್ಯ ಉಳಿದಿರುವುದು ಇನ್ನು ನಾಲ್ಕೇ ದಿನ. ಆದ್ದರಿಂದ ಅಕ್ಕಪಕ್ಕದವರು ಚರ್ಚೆಗೆ ಕೂರುವ ಬದಲು ಅದೇ ದಿನ ತಮ್ಮ ಡಿವಿಆರ್ (ಕ್ಯಾಮೆರಾದ ದೃಶ್ಯ ದಾಖಲಿಸುವ ಪೆಟ್ಟಿಗೆ) ನೋಡಬೇಕು. ಹಿಂದಿನ ದಿನದ್ದಲ್ಲ, ಡಿಸ್ಕಿನಲ್ಲಿ ಇರುವ ಅಷ್ಟೂ ದಿನದ್ದು ಉಳಿಯಬೇಕು.

ಕ್ರಮ ಹೀಗೆ. ಮೊದಲು ಡಿವಿಆರ್ ಪರದೆಯ ಮೇಲಿನ ಗಡಿಯಾರ ಮತ್ತು ನಿಮ್ಮ ಮೊಬೈಲಿನ ಗಡಿಯಾರ ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಇನ್ನೊಂದು ಫೋನಿನಿಂದ ಫೋಟೊ ತೆಗೆಯಿರಿ. ಇಂಟರ್ನೆಟ್‌ಗೆ ಜೋಡಿಸದ ಡಿವಿಆರ್‌ನ ಗಡಿಯಾರ ನಿಮಿಷಗಟ್ಟಲೆ ಹಿಂದೆ ಮುಂದೆ ಓಡುತ್ತದೆ. ಒಳಗಿನ ಗುಂಡಿ ಸೆಲ್ ಸತ್ತಿದ್ದರೆ ಪ್ರತಿ ಸಲ ಕರೆಂಟ್ ಹೋದಾಗಲೂ ದಿನಾಂಕವೇ ಬದಲಾಗಬಹುದು. ತಪ್ಪಿದೆ ಎಂದು ಗಡಿಯಾರ ಸರಿಮಾಡಲು ಹೋಗಬೇಡಿ. ವ್ಯತ್ಯಾಸ ಎಷ್ಟು ಎಂದು ಬರೆದಿಡಿ. ಆಮೇಲೆ ಮೂಲ ಫೈಲನ್ನೇ ಪೆನ್‌ಡ್ರೈವಿಗೆ ಇಳಿಸಿ. ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವಾಟ್ಸ್‌ಆಪ್‌ನಲ್ಲಿ ಕಳಿಸಿದರೆ ವಿಡಿಯೊ ಕುಗ್ಗುತ್ತದೆ, ನಂಬರ್ ಪ್ಲೇಟಿನ 3 ಮತ್ತು 8 ಒಂದೇ ಆಗುತ್ತವೆ. ಕೋರ್ಟಿನಲ್ಲಿ ನಿಲ್ಲಲು ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವೂ (ಫೈಲು ಸ್ವಲ್ಪ ಬದಲಾದರೂ ಬದಲಾಗುವ ಅದರ ಗುರುತಿನ ಸಂಖ್ಯೆ) ಇರಬೇಕು. ಗ್ರೂಪುಗಳಲ್ಲಿ ಸುತ್ತಿ ಬಂದ ಪ್ರತಿಗೆ ಅಂಥ ಪ್ರಮಾಣಪತ್ರವನ್ನು ಯಾರು ಕೊಡುತ್ತಾರೆ?

ಇನ್ನು ಆ ದೃಶ್ಯ ನೋಡಿ ಕಟ್ಟುವ ಕಥೆಗಳು. ರಾತ್ರಿ ಕ್ಯಾಮೆರಾ ಅವಕೆಂಪು ಬೆಳಕಿನಲ್ಲಿ ನೋಡುತ್ತದೆ, ಅಲ್ಲಿ ಬಣ್ಣವೆಂಬುದೇ ಇಲ್ಲ. ಕಪ್ಪು ಬಣ್ಣ ಹಾಕಿದ ಎಷ್ಟೋ ಬಟ್ಟೆಗಳು ಬೂದು ಬಣ್ಣವಾಗಿ, ಬಿಳಿಯಾಗಿ ಕಾಣುತ್ತವೆ. "ಬಿಳಿ ಶರ್ಟಿನವನು" ಎಂದು ಊರೆಲ್ಲ ಹುಡುಕುವಾಗ ಅವನು ಉಟ್ಟದ್ದು ಕಪ್ಪು ಇರಬಹುದು. ಅಗಲ ನೋಟದ ಮಸೂರದಲ್ಲಿ ಅಂಚಿನಲ್ಲಿರುವ ಮನುಷ್ಯ ಹಿಗ್ಗಿದಂತೆ ಕಾಣುತ್ತಾನೆ. ಎತ್ತರ ತಿಳಿಯಬೇಕಾದರೆ ಅದೇ ಕ್ಯಾಮೆರಾದ ಎದುರು ಅದೇ ಜಾಗದಲ್ಲಿ ಅಳತೆಕೋಲು ನಿಲ್ಲಿಸಿ ಹೋಲಿಸಬೇಕು. ಪ್ರತಿಫಲಿಸುವ ನಂಬರ್ ಪ್ಲೇಟ್ ರಾತ್ರಿ ಬೆಳಕಿಗೆ ಬರೀ ಬಿಳಿ ತುಂಡಾಗುವುದೂ ಸಾಮಾನ್ಯ, "ಪ್ಲೇಟ್ ಕಿತ್ತಿದ್ದರು" ಎಂಬುದಕ್ಕೆ ಅದು ಆಧಾರವಾಗದು. ಚಲನೆ ಕಂಡಾಗ ಮಾತ್ರ ಎಚ್ಚರಗೊಳ್ಳುವ ಬ್ಯಾಟರಿ ಕ್ಯಾಮೆರಾಗಳಲ್ಲಿ ನಡುನಡುವೆ ಖಾಲಿ ಸಮಯ ಇದ್ದೇ ಇರುತ್ತದೆ. "ಎರಡು ನಿಮಿಷದ ದೃಶ್ಯ ಅಳಿಸಿದ್ದಾರೆ" ಎನ್ನುವ ಮೊದಲು ಆ ಕ್ಯಾಮೆರಾ ಬೇರೆ ದಿನಗಳಲ್ಲೂ ಹಾಗೇ ಬಿಟ್ಟಿದೆಯೇ ನೋಡಬೇಕು.

ಮೊಬೈಲ್ ಟವರಿನ ವಿಷಯದಲ್ಲೂ ಇದೇ ಪಾಡು. "ಕೊನೆಯ ಲೊಕೇಶನ್ ಮಲ್ಪೆ" ಎಂದರೆ ಫೋನ್ ಮಲ್ಪೆಯ ಒಂದು ಟವರಿನ ಒಂದು ದಿಕ್ಕಿಗೆ ಸಿಕ್ಕಿತ್ತು ಎಂದಷ್ಟೇ. ಪೇಟೆಯಲ್ಲಿ ಅದು ಕೆಲವು ನೂರು ಮೀಟರ್, ಘಟ್ಟದ ಬುಡದಲ್ಲೋ ಸಮುದ್ರದ ಬದಿಯಲ್ಲೋ ಹಲವು ಕಿಲೋಮೀಟರ್. ಅಷ್ಟರಿಂದ ಯಾವ ಮನೆಯ ಬಾಗಿಲನ್ನೂ ಬಡಿಯುವಂತಿಲ್ಲ. ಟೋಲ್ ದಾಖಲೆಯೂ ಹಾಗೇ. ತಲಪಾಡಿ, ಬ್ರಹ್ಮರಕೂಟ್ಲು, ಹೆಜಮಾಡಿ, ಸಾಸ್ತಾನದಲ್ಲಿ ಫಾಸ್ಟ್ಯಾಗ್ ಬಿದ್ದರೆ ಗಾಡಿ ದಾಟಿದ್ದು ಖಚಿತ. ಬೀಳದಿದ್ದರೆ ದಾಟಿಲ್ಲ ಎಂದು ಹೇಳಲಾಗದು: ಮುಡಿಪು ಕಡೆಯ ಒಳರಸ್ತೆಗಳಿಂದಲೂ ಕೇರಳ ಸೇರಬಹುದು, ಮೂಡುಬಿದಿರೆ ಕಾರ್ಕಳದ ದಾರಿಯಾಗಿ ಹೋದರೆ ಹೆಜಮಾಡಿ ಬರುವುದೇ ಇಲ್ಲ.

ಬೇಡಿಕೆಯ ಕರೆ ಬಂದಾಗ ನಿಜವಾದ ಪರೀಕ್ಷೆ. ಸುದ್ದಿ ಹರಡಿದ ಮೇಲೆ ದುಡ್ಡಿನ ಆಸೆಗೆ ಸುಳ್ಳು ಕರೆ ಮಾಡುವವರು ಹುಟ್ಟಿಕೊಳ್ಳುತ್ತಾರೆ. ಅವರನ್ನು ಬೇರ್ಪಡಿಸಲು ಪೊಲೀಸರ ಕೈಯಲ್ಲಿರುವುದು ಹೊರಗೆ ಹೇಳದೆ ಉಳಿಸಿಕೊಂಡ ಒಂದೆರಡು ವಿವರ: ಉಟ್ಟಿದ್ದ ಸೀರೆಯ ಅಂಚು, ಕೋಣೆಯಲ್ಲಿ ಬಿದ್ದಿದ್ದ ವಸ್ತು, ಮೊದಲ ಕರೆಯ ಒಂದು ಮಾತು. "ಯಾಕೆ ಮುಚ್ಚಿಡುತ್ತಿದ್ದಾರೆ" ಎಂದು ಒತ್ತಾಯಿಸಿ ಮನೆಯವರ ಬಾಯಿಂದ ಅದನ್ನು ಹೊರಡಿಸಿದ ದಿನವೇ ಆ ಜರಡಿ ತೂತಾಗುತ್ತದೆ. ಕರೆ ಬಂದರೆ ಕೇಳಬೇಕಾದದ್ದು ಹಿರಿಯರು ಮಾತ್ರ ಉತ್ತರಿಸಬಲ್ಲ ಪ್ರಶ್ನೆ, ಉದಾಹರಣೆಗೆ ಹಳೆ ಮನೆಯಲ್ಲಿದ್ದ ದನದ ಹೆಸರು. ಫೇಸ್‌ಬುಕ್ಕಿನಲ್ಲಿ ಸಿಗುವ ಮೊಮ್ಮಗನ ಹುಟ್ಟುಹಬ್ಬ ಬೇಡ. ಧ್ವನಿ ಕೇಳಿಸಿದರೂ ನಂಬುವಂತಿಲ್ಲ, ಧ್ವನಿಯನ್ನು ನಕಲು ಮಾಡಲು ಈಗ ಯಂತ್ರವಿದೆ. ಹಣ ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಿಳಿಸಿ.

ಊಹೆಯ ಅತಿ ಕೆಟ್ಟ ಭಾಗ ಹೆಸರು ಹೇಳುವುದು. ಮನೆಯವರನ್ನು, ಹೋಂ ನರ್ಸನ್ನು, ತೆಂಗಿನಕಾಯಿ ಕೀಳುವವನನ್ನು ಪೊಲೀಸರು ಮೊದಲು ವಿಚಾರಿಸುವುದು ಕೊನೆಯದಾಗಿ ನೋಡಿದವರು ಅವರೇ ಆಗಿರುತ್ತಾರೆ ಎಂಬ ಕಾರಣಕ್ಕೆ. ಠಾಣೆಗೆ ಕರೆಸಿದ್ದನ್ನೇ ತೀರ್ಪು ಎಂದು ಓದುವವರು ಒಬ್ಬ ಸಾಕ್ಷಿಯ ಬಾಯಿ ಮುಚ್ಚಿಸುತ್ತಾರೆ. ನಮ್ಮ ಜಿಲ್ಲೆಗಳಲ್ಲಂತೂ ಊಹೆ ಬೇಗ ಜಾತಿ, ಧರ್ಮ, "ಹೊರಗಿನ ಕೆಲಸದವರು" ಎಂಬ ಕಡೆ ತಿರುಗುತ್ತದೆ. ಇದು ನನ್ನನ್ನು ನಿಜವಾಗಿ ಹೆದರಿಸುತ್ತದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಹೈದರಾಬಾದಿನ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಆ ಯುವಕನ ತಂಡ ಮಾಡಿದ್ದು ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ಒಂದು ಊರಿನಿಂದ ತಪ್ಪಿಸಿಕೊಂಡವರಿಗಿಂತ ಮೊದಲು ವಾಟ್ಸ್‌ಆಪ್ ಇನ್ನೊಂದು ಊರು ತಲುಪಿತ್ತು. ಅದೇ ತಿಂಗಳು ವಾಟ್ಸ್‌ಆಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದಕ್ಕೆ ಇಳಿಸಿತು.

ಅಪಹರಿಸಿದವನು ಯಾರೆಂದು ಗೊತ್ತಿದ್ದಾಗಲೂ ಎಲ್ಲ ಗೊತ್ತಾದಂತಲ್ಲ. ಮಾಜಿ ಸಚಿವ ನಾಗಪ್ಪ ಅವರನ್ನು 2002ರ ಆಗಸ್ಟ್ 25ರಂದು ಕಾಮಗೆರೆಯಿಂದ ವೀರಪ್ಪನ್ ಒಯ್ದ. ಡಿಸೆಂಬರ್ 8ರಂದು ಕಾಡಿನಲ್ಲಿ ಅವರ ಶವ ಸಿಕ್ಕಿತು. ಕೊಂದದ್ದು ತಾನಲ್ಲ ಎಂದು ವೀರಪ್ಪನ್ ಕ್ಯಾಸೆಟ್ ಕಳಿಸಿದ್ದ, ಪೊಲೀಸರು ಅದನ್ನು ಒಪ್ಪಲಿಲ್ಲ. ಹೀಗಿರುವಾಗ ಮೂರನೇ ದಿನಕ್ಕೇ ಅಪರಾಧಿಯ ಹೆಸರು ಹೇಳುವವರಿಗೆ ಏನು ಗೊತ್ತಿರಲು ಸಾಧ್ಯ?

ಕನ್ನಡದಲ್ಲಿ "ಅಂತೆ" ಎಂಬ ಒಳ್ಳೆಯ ಪ್ರತ್ಯಯ ಇದೆ. "ಕಾರು ನಿಂತಿತ್ತಂತೆ" ಎಂದರೆ ಹೇಳುವವನು ನೋಡಿಲ್ಲ ಎಂದು ಮಾತಿನಲ್ಲೇ ಗೊತ್ತಾಗುತ್ತದೆ. ಮೂರು ಫಾರ್ವರ್ಡ್ ಆಗುವಷ್ಟರಲ್ಲಿ ಆ "ಅಂತೆ" ಉದುರಿ "ಕಾರು ನಿಂತಿತ್ತು" ಆಗುತ್ತದೆ. ಅದನ್ನು ಓದಿದ ನಿಜವಾದ ಸಾಕ್ಷಿಯ ನೆನಪಿನಲ್ಲೂ ಒಂದು ಕಾರು ಬಂದು ನಿಲ್ಲುತ್ತದೆ. ನೀವು ಏನಾದರೂ ಕಂಡಿದ್ದರೆ ಗ್ರೂಪ್ ಓದುವ ಮೊದಲೇ ಕಾಗದದಲ್ಲಿ ಬರೆಯಿರಿ: ಎಲ್ಲಿ ನಿಂತಿದ್ದಿರಿ, ಎಷ್ಟು ಹೊತ್ತಿಗೆ (ಬಾಂಗ್, ಬಸ್ಸು, ಹಾಲಿನವನು ಯಾವುದರಿಂದ ಆ ಹೊತ್ತು ನೆನಪಿದೆ), ಯಾವ ದಿಕ್ಕಿಗೆ ಹೋಯಿತು. ಕೆಳಗೆ ಸಹಿ, ದಿನಾಂಕ. ಅದನ್ನು ಠಾಣೆಗೆ ಕೊಡಿ, ಬೇರೆಲ್ಲಿಯೂ ಹಾಕಬೇಡಿ.

ಹಂಚಲೇಬೇಕಾದ ಮೆಸೇಜ್ ಒಂದೇ. ಇತ್ತೀಚಿನ ಫೋಟೊ, ವಯಸ್ಸು, ಎತ್ತರ, ಮೈಬಣ್ಣ, ಕೊನೆಯದಾಗಿ ಕಂಡ ಜಾಗ ಮತ್ತು ಹೊತ್ತು, ಬಲ್ಲ ಭಾಷೆಗಳು (ತುಳು ಮಾತ್ರ ಬರುವ ಅಜ್ಜಿ ಹುಬ್ಬಳ್ಳಿಯಲ್ಲಿ ಸಿಕ್ಕರೆ ಇದೇ ಆಧಾರ), ಠಾಣೆಯ ನಂಬರು, ಹಾಕಿದ ದಿನಾಂಕ. ಮನೆಯವರ ಸ್ವಂತ ನಂಬರು ಬೇಡ, ಸುಳ್ಳು ಕರೆಗಳಿಗೆ ಅದೇ ಬಾಗಿಲು. ಯಾವ ಉಡುಪು ಬರೆಯಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂದು ತನಿಖಾಧಿಕಾರಿಯನ್ನು ಕೇಳಿ. ಕಾರಣದ ಬಗ್ಗೆ ಒಂದು ಅಕ್ಷರವೂ ಬೇಡ.

ವಾರಗಳು ತಿಂಗಳಾದಾಗ ಊರು ಬೇರೆ ಸುದ್ದಿಗೆ ಹೋಗುತ್ತದೆ, ಮನೆಯವರು ಒಂಟಿಯಾಗುತ್ತಾರೆ. ಆಗ ನೆನಪಿಡಬೇಕಾದದ್ದು: 90 ದಿನದೊಳಗೆ ತನಿಖೆಯ ಪ್ರಗತಿಯನ್ನು ದೂರುದಾರರಿಗೆ ತಿಳಿಸಬೇಕೆಂದು ಸುರಕ್ಷಾ ಸಂಹಿತೆಯ ಕಲಂ 193 ಹೇಳುತ್ತದೆ, ಲಿಖಿತವಾಗಿ ಕೇಳಿ. ಕರೆ ವಿವರಗಳನ್ನು ಮೊಬೈಲ್ ಕಂಪನಿಗಳು ಕನಿಷ್ಠ ಎರಡು ವರ್ಷ ಇಡಬೇಕು, ಆ ಗಡುವು ದಾಟುವ ಮೊದಲು ಯಾವ ಯಾವ ನಂಬರಿನದ್ದು ತರಿಸಿದ್ದಾರೆ ಎಂದು ವಿಚಾರಿಸಿ. ಮೊಣಕಾಲು ಬದಲಿಸಿದ್ದರೆ, ಪೇಸ್‌ಮೇಕರ್ ಇದ್ದರೆ ಆಸ್ಪತ್ರೆಯಿಂದ ಅದರ ಸೀರಿಯಲ್ ನಂಬರ್, ಹಳೆಯ ಎಕ್ಸ್‌ರೇ, ಹಲ್ಲಿನ ದಾಖಲೆ ತಂದಿಡಿ. ಅವರ ಹಲ್ಲುಜ್ಜುವ ಬ್ರಷ್ಷನ್ನೂ ಕೂದಲಿರುವ ಬಾಚಣಿಗೆಯನ್ನೂ ತೊಳೆಯದೆ, ಬೇರೆ ಬೇರೆ ಕಾಗದದ ಲಕೋಟೆಯಲ್ಲಿ ಹಾಕಿ ಹೆಸರು ಬರೆದು ಒಣಗಿದ ಜಾಗದಲ್ಲಿಡಿ. ಪ್ಲಾಸ್ಟಿಕ್ ಬೇಡ. ನಮ್ಮ ಕರಾವಳಿಯ ತೇವಕ್ಕೆ ಅದರೊಳಗೆ ಬೂಸು ಹಿಡಿದು ಡಿಎನ್‌ಎ ಹಾಳಾಗುತ್ತದೆ.