ಊಟದ ನಂತರದ ವಿಧಾನಸಭೆ

ವಿಧಾನಸಭೆ ಅಂದರೆ ನನಗೆ ಗೊತ್ತಿದ್ದದ್ದು ಟಿವಿಯಲ್ಲಿ ಕಾಣುವಷ್ಟೇ: ಸದನದ ಬಾವಿಗಿಳಿದ ಶಾಸಕರು, ಕೂಗಾಟ. ಪರಿಚಯದವರೊಬ್ಬರು ಪಾಸ್ ಕೊಡಿಸಿದರು ಅಂತ ಅಧಿವೇಶನದ ಒಂದು ದಿನ ವಿಧಾನಸೌಧಕ್ಕೆ ಹೋದೆ. ಫೋನು, ಚೀಲ ಹೊರಗೇ ಬಿಡಬೇಕು. ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟುವಂತಿಲ್ಲ.

ಬೆಳಿಗ್ಗೆ ಪ್ರಶ್ನೋತ್ತರ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಉತ್ತರಿಸಬೇಕು, ಚುಕ್ಕೆ ಇಲ್ಲದ್ದಕ್ಕೆ ಬರಹದ ಉತ್ತರ ಸಾಕು. ಮಜಾ ಇರುವುದು ಉಪಪ್ರಶ್ನೆಯಲ್ಲಿ. ಶಾಸಕರೊಬ್ಬರು ಒಂದು ಸೇತುವೆ ಬಗ್ಗೆ ಕೇಳಿದರು. ಹಣ ಬಿಡುಗಡೆ ಆಗಿದೆ ಎಂದರು ಮಂತ್ರಿ. "ಸರಿ ಸ್ವಾಮಿ, ಟೆಂಡರ್ ಯಾವಾಗ ಕರೀತೀರಿ?" ಮಂತ್ರಿ ಅಧಿಕಾರಿಗಳು ಕೂತ ಕಡೆ ತಿರುಗಿ ನೋಡಿದರು. ಅಲ್ಲಿಂದ ಒಂದು ಚೀಟಿ ಬಂತು. ಓದಿದರು, ಮಡಚಿದರು, "ಶೀಘ್ರದಲ್ಲೇ" ಎಂದರು. ಶಾಸಕರು ಬಿಡಲಿಲ್ಲ. ಕೊನೆಗೆ ತಿಂಗಳ ಹೆಸರು ಹೇಳಿಸಿಯೇ ಕೂತರು.

ತುರ್ತು ವಿಷಯ ಎತ್ತುವ ಶೂನ್ಯ ವೇಳೆಯಲ್ಲಿ ಗಲಾಟೆಯೂ ಆಯಿತು. ಅದನ್ನು ನೀವೆಲ್ಲ ನೋಡಿರುತ್ತೀರಿ, ಬಿಡಿ.

ನನಗೆ ಕಸಿವಿಸಿಯಾದದ್ದು ಮಧ್ಯಾಹ್ನ. 224 ಸ್ಥಾನದ ಸದನದಲ್ಲಿ ಸಾಲು ಸಾಲು ಕುರ್ಚಿ ಖಾಲಿ. ಸದನ ನಡೆಯಲು ಕನಿಷ್ಠ ಹಾಜರಿ, ಅಂದರೆ ಕೋರಂ, ಇರಬೇಕು. ಅದಕ್ಕೆ ಹತ್ತನೇ ಒಂದು ಪಾಲು, 23 ಜನ ಬೇಕು. ಗಂಟೆ ಬಾರಿಸಿದರು. "ಮೊಗಸಾಲೆಯಿಂದ ಬರ್ತಾರೆ, ನೋಡ್ತಿರಿ" ಎಂದರು ಪಕ್ಕದಲ್ಲಿದ್ದ ಹಿರಿಯರು. ಹೌದು, ಮಾತಾಡುತ್ತಾ ನಿಧಾನಕ್ಕೆ ಬಂದು ಕೂತರು.

ಆಮೇಲೆ ಒಂದು ತಿದ್ದುಪಡಿ ವಿಧೇಯಕ. ಮಂತ್ರಿ ನಾಲ್ಕು ಮಾತು ವಿವರಿಸಿದರು. ಸಭಾಧ್ಯಕ್ಷರು ಖಂಡ 2, ಖಂಡ 3 ಅಂತ ಓದುತ್ತಾ ಹೋದರು. ಪ್ರತಿ ಸಲವೂ ಬಲಗಡೆಯ ಆಡಳಿತ ಪಕ್ಷದ ಸಾಲಿನಿಂದ "ಹೌದು". ಎಡಗಡೆಯಿಂದ ಸದ್ದಿಲ್ಲ. ಧ್ವನಿಮತದಲ್ಲಿ ಪಾಸು! ಯಾರಾದರೂ ಮತ ವಿಭಜನೆ ಕೇಳಬಹುದಿತ್ತು. ಆಗ ತಲೆ ಎಣಿಸಲೇಬೇಕು. 2019ರ ಜುಲೈ 23ರಂದು ವಿಶ್ವಾಸಮತಕ್ಕೆ ಹಾಗೆ ಎಣಿಸಿಯೇ 99ಕ್ಕೆ 105 ಅಂತ ಕುಮಾರಸ್ವಾಮಿ ಸರ್ಕಾರ ಬಿದ್ದದ್ದು. ಸರ್ಕಾರ ಉಳಿಯುವ ಪ್ರಶ್ನೆ ಬಂದರೆ ಒಂದು ಕುರ್ಚಿಯೂ ಸುಮ್ನೆ ಖಾಲಿ ಇರಲ್ಲ, ಅಲ್ವಾ? ಬೆಳಿಗ್ಗೆ ಒಂದು ಸೇತುವೆಗೆ ಸಿಕ್ಕಷ್ಟು ಹೊತ್ತೂ ಈ ಕಾನೂನಿಗೆ ಸಿಗಲಿಲ್ಲ.

"ಇನ್ನು ಮೇಲ್ಮನೆ, ವಿಧಾನ ಪರಿಷತ್ತಿದೆಯಲ್ಲ, ಅಲ್ಲಿ ಚರ್ಚೆ ಆಗಬಹುದು" ಎಂದೆ. ಹಿರಿಯರು ತಲೆಯಾಡಿಸಿದರು. "ಆಗಲಿ. ಆದರೆ ಅವರು ಬೇಡ ಅಂದರೂ ಇವರು ಎರಡನೇ ಸಲ ಪಾಸು ಮಾಡಿ ಕಳಿಸಿದರೆ ಒಂದು ತಿಂಗಳಿಗಿಂತ ಜಾಸ್ತಿ ತಡೆಯೋಕಾಗಲ್ಲ. ಕೇಳೋದಿದ್ದರೆ ಇಲ್ಲೇ ಕೇಳಬೇಕಿತ್ತು."

ಅಷ್ಟರಲ್ಲಿ ಸಭಾಧ್ಯಕ್ಷರು ಮುಂದಿನ ವಿಧೇಯಕದ ಹೆಸರು ಓದಿ ಮುಗಿಸಿದ್ದರು.