ವಕಾಲತ್ತುನಾಮೆಯಲ್ಲಿ ಕಾಲೇಜಿನ ಹೆಸರಿಗೆ ಜಾಗವಿಲ್ಲ

ನಮ್ಮೂರಿನ ಹುಡುಗಿಯೊಬ್ಬಳು ಈಚೆಗೆ ಧಾರವಾಡದ ನನ್ನ ಆಫೀಸಿಗೆ ಬಂದು ಎರಡು ಕಾಗದಗಳನ್ನು ಮೇಜಿನ ಮೇಲಿಟ್ಟಳು. ಒಂದು, ಕ್ಲಾಟ್ (ಕಾನೂನು ಕೋರ್ಸುಗಳ ರಾಷ್ಟ್ರಮಟ್ಟದ ಪ್ರವೇಶ) ಪರೀಕ್ಷೆಯ ರ‍್ಯಾಂಕಿನ ಮೇಲೆ ಹೊರರಾಜ್ಯದ ಹೊಸ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯವೊಂದರಲ್ಲಿ ಸಿಕ್ಕ ಸೀಟಿನ ಪತ್ರ. ಇನ್ನೊಂದು, ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಹುಬ್ಬಳ್ಳಿಯ ಕಾಲೇಜೊಂದರ ಪ್ರವೇಶ ಅರ್ಜಿ. ಎರಡರ ನಡುವೆ ಆಯ್ಕೆ ಮಾಡಿಕೊಳ್ಳಲು ಅವಳಿಗೆ ಹತ್ತು ದಿನಗಳಿದ್ದವು. "ಯಾವ ಕಾಲೇಜಂತ ಮುಂದ ಯಾರರೆ ಕೇಳ್ತಾರೇನ್ರಿ ಕಾಕಾ?" ಎಂಬುದು ಅವಳ ಪ್ರಶ್ನೆ. ಅಂದು ನಾನು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಅದನ್ನು ಪೂರ್ತಿಗೊಳಿಸುವ ಸಲುವಾಗಿ ಇದನ್ನು ಬರೆಯುತ್ತಿದ್ದೇನೆ.

ನ್ಯಾಯಾಲಯ ಕೇಳುವುದಿಲ್ಲ. ನಾನು ಸಲ್ಲಿಸುವ ವಕಾಲತ್ತುನಾಮೆಯಲ್ಲಿ, ಎಂದರೆ ಪ್ರಕರಣ ನಡೆಸಲು ಕಕ್ಷಿದಾರ ನನಗೆ ಕೊಡುವ ಅಧಿಕಾರಪತ್ರದಲ್ಲಿ, ನನ್ನ ಹೆಸರು, ವಿಳಾಸ ಮತ್ತು ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತವೆಯೇ ಹೊರತು ನಾನು ಎಲ್ಲಿ ಓದಿದೆನೆಂಬುದು ಇರುವುದಿಲ್ಲ. 1961ರ ವಕೀಲರ ಅಧಿನಿಯಮವು ದೇಶದಲ್ಲಿ ವಕೀಲಿ ಮಾಡಲು ಅರ್ಹರಾದವರ ಒಂದೇ ವರ್ಗವನ್ನು ಒಪ್ಪಿಕೊಂಡಿದೆ. ಬೆಂಗಳೂರಿನ ನಾಗರಭಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯ ಪದವೀಧರನಿಗೂ ಹಾವೇರಿಯ ಪದವೀಧರೆಗೂ ಸಿಗುವ ಸನ್ನದು (ವಕೀಲಿ ಮಾಡುವ ಪರವಾನಗಿ) ಒಂದೇ, ಬರೆಯಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆಯೂ ಒಂದೇ. ನೋಂದಣಿ ಶುಲ್ಕವೂ ಒಂದೇ ಆಗಿದ್ದು, ಸಾಮಾನ್ಯ ವರ್ಗದವರಿಂದ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಂದ 125 ರೂಪಾಯಿಗಿಂತ ಹೆಚ್ಚು ವಸೂಲಿ ಮಾಡಕೂಡದೆಂದು ಸುಪ್ರೀಂ ಕೋರ್ಟು 2024ರ ಜುಲೈನಲ್ಲಿ ಹೇಳಿತು.

ಆದರೆ ವಕೀಲಿ ವೃತ್ತಿಯೆಂದರೆ ನ್ಯಾಯಾಲಯವೊಂದೇ ಆಗಿದ್ದ ಕಾಲ ಮುಗಿದು ಮೂವತ್ತು ವರ್ಷಗಳಾದವು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು ಪ್ರೊ. ಎನ್. ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ 1988ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡಾಗ, ಪಿಯುಸಿ ಮುಗಿಸಿದ ಮಕ್ಕಳಿಗೆ ಐದು ವರ್ಷ ವಸತಿಸಹಿತ ಕಾನೂನು ಶಿಕ್ಷಣ ಕೊಡುವುದು ಒಂದು ಪ್ರಯೋಗವಾಗಿತ್ತು. ಅಲ್ಲಿಂದ ಹೊರಬಂದ ಮೊದಲ ತಂಡಗಳ ಹೊತ್ತಿಗೆ ಸರಿಯಾಗಿ ಆರ್ಥಿಕತೆ ತೆರೆದುಕೊಂಡಿತು. ಮುಂಬಯಿ, ದೆಹಲಿಯ ಕಾನೂನು ಸಂಸ್ಥೆಗಳಿಗೆ ಒಪ್ಪಂದ ಬರೆಯಬಲ್ಲ ಯುವಕರು ಬೇಕಾದರು. ಈ ಎರಡು ಒಟ್ಟಿಗೆ ಕೂಡಿ ಬಂದದ್ದರ ಫಲವನ್ನು ಇಂದಿಗೂ ಆ ಕಾಲೇಜಿನ ವಿದ್ಯಾರ್ಥಿಗಳು ಉಣ್ಣುತ್ತಿದ್ದಾರೆ. ದೊಡ್ಡ ಸಂಸ್ಥೆಗಳು ನಾಲ್ಕನೆಯ, ಐದನೆಯ ವರ್ಷದಲ್ಲಿಯೇ ಕ್ಯಾಂಪಸ್ಸಿಗೆ ಬಂದು, 'ಡೇ ಝೀರೋ' ಎಂದು ಕರೆಯುವ ಒಂದೇ ದಿನದಲ್ಲಿ ತಮಗೆ ಬೇಕಾದವರನ್ನು ಆರಿಸಿಕೊಂಡು ಹೋಗುತ್ತವೆ. ಹಾವೇರಿಗೆ ಅವು ಬರುವುದಿಲ್ಲ. ಅಲ್ಲಿಯೂ ಅಷ್ಟೇ ಜಾಣೆಯಾದ ಹುಡುಗಿಯೊಬ್ಬಳು ಇದ್ದಾಳೆಂಬುದು ಅವರಿಗೆ ತಿಳಿಯುವ ದಾರಿಯೇ ಇಲ್ಲ. ಅವಳು ತಾನಾಗಿಯೇ ನೂರು ಇಮೇಲ್ ಕಳಿಸಿ, ಒಂದಕ್ಕೆ ಉತ್ತರ ಬಂದು, ಮೊದಲ ಇಂಟರ್ನ್‌ಶಿಪ್ ಗಿಟ್ಟಿಸಿಕೊಂಡು, ಅಲ್ಲಿ ಕೆಲಸ ತೋರಿಸಿ ಎರಡನೆಯದನ್ನು ಸಂಪಾದಿಸಬೇಕು. ಎರಡನೆಯ ಕೆಲಸದ ಸಂದರ್ಶನದಲ್ಲಿ ಯಾವ ವ್ಯವಹಾರಗಳನ್ನು ನಿಭಾಯಿಸಿದ್ದೀರಿ ಎಂದು ಕೇಳುವವರು ಮೊದಲನೆಯದರಲ್ಲಿ ಎಲ್ಲಿ ಓದಿದಿರಿ ಎಂದೇ ಕೇಳುತ್ತಾರೆ. ಕಾಲೇಜಿನ ಹೆಸರಿನ ಬೆಲೆ ಹೆಚ್ಚುಕಡಿಮೆ ಆ ಮೊದಲ ಐದು ವರ್ಷಗಳದ್ದು; ಆದರೆ ಮೊದಲ ಐದು ವರ್ಷಗಳೇ ಮುಂದಿನ ಇಪ್ಪತ್ತನ್ನು ಎಳೆದೊಯ್ಯುತ್ತವೆ ಎಂಬುದನ್ನು ನಾನು ಅವಳಿಂದ ಮುಚ್ಚಿಡಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೆಸರಿನಲ್ಲಿ 'ರಾಷ್ಟ್ರೀಯ' ಎಂದಿರುವ ಕಾನೂನು ವಿಶ್ವವಿದ್ಯಾಲಯಗಳು ಈಗ ಇಪ್ಪತ್ತಕ್ಕೂ ಹೆಚ್ಚಿವೆ. ಇವೆಲ್ಲ ಆಯಾ ರಾಜ್ಯದ ಶಾಸನದಿಂದ ಹುಟ್ಟಿದಂಥವು. ಪ್ರವೇಶ ಪರೀಕ್ಷೆ ಸಮಾನವಾದ ಮಾತ್ರಕ್ಕೆ ಫಲವೂ ಸಮಾನವಾಗುವುದಿಲ್ಲ. ಹಳೆಯ ನಾಲ್ಕಾರು ಸಂಸ್ಥೆಗಳಿಗೆ ಬರುವ ನೇಮಕದಾರರೆಲ್ಲ ಹೊಸದಾಗಿ ತೆರೆದ ಸಂಸ್ಥೆಗೂ ಬರುತ್ತಾರೆಂದು ಭಾವಿಸುವುದು ತಪ್ಪು, ಏಕೆಂದರೆ ಅವರನ್ನು ಕರೆತರುವುದು ಬಹುಮಟ್ಟಿಗೆ ಅದೇ ಕಾಲೇಜಿನಲ್ಲಿ ಓದಿ ಈಗ ಆ ಸಂಸ್ಥೆಗಳಲ್ಲಿ ಪಾಲುದಾರರಾಗಿರುವ ಹಿರಿಯ ವಿದ್ಯಾರ್ಥಿಗಳು, ಮತ್ತು ಹೊಸ ಕಾಲೇಜಿಗೆ ಅಂಥ ಹಿರಿಯರು ಇನ್ನೂ ಹುಟ್ಟಿರುವುದಿಲ್ಲ. ಹುಡುಗಿಗೆ ಸಿಕ್ಕಿದ್ದ ಸೀಟು ಈ ಎರಡನೆಯ ಬಗೆಯದು.

ಶುಲ್ಕದ ಮಾತಿಗೆ ಬಂದಾಗ ನಾನು ಒಂದು ಚೀಟಿ ತೆಗೆದುಕೊಂಡು ಲೆಕ್ಕ ಹಾಕಿದೆ. ಐದು ವರ್ಷದ ಶುಲ್ಕ, ಹಾಸ್ಟೆಲು, ಓಡಾಟವೆಲ್ಲ ಸೇರಿ 15 ಲಕ್ಷ ರೂಪಾಯಿ ಸಾಲ ಮಾಡಬೇಕಾಗುತ್ತದೆ ಎಂದು ಹಿಡಿಯೋಣ. ಶೇಕಡಾ 10ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ತೀರಿಸುವುದಾದರೆ ತಿಂಗಳ ಕಂತು ಸುಮಾರು 19,800 ರೂಪಾಯಿ. ಇನ್ನು ಇತ್ತ ನೋಡಿದರೆ, ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಪ್ರದೇಶದಲ್ಲಿ 15,000 ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಿದೆ. ಶಿಫಾರಸು ಶಿಫಾರಸೇ, ಅಷ್ಟು ಕೊಡುವ ಸೀನಿಯರುಗಳು ನಮ್ಮ ಕಡೆಯ ಜಿಲ್ಲಾ ಕೇಂದ್ರಗಳಲ್ಲಿ ಅಪರೂಪ. (ನನಗೆ ಮೊದಲ ವರ್ಷ ಸಿಗುತ್ತಿದ್ದುದು ಬಸ್ಸಿನ ಖರ್ಚು, ಮಧ್ಯಾಹ್ನದ ಊಟ ಮತ್ತು ದೀಪಾವಳಿಗೆ ಒಂದು ಜೊತೆ ಬಟ್ಟೆ.) ಎಂದರೆ, ಆ ಸಾಲ ಮಾಡಿ ಓದಿದವಳು ಕಾರ್ಪೊರೇಟ್ ಸಂಸ್ಥೆಗೆ ಸೇರಲೇಬೇಕು, ಸೇರದಿದ್ದರೆ ಕಂತು ಕಟ್ಟುವುದು ಮನೆಯವರ ಪಾಲಿಗೆ ಬರುತ್ತದೆ. ದುಬಾರಿ ಕಾಲೇಜು ಒಂದು ಬಾಗಿಲು ತೆರೆಯುವಾಗಲೇ ವಕೀಲಿಕೆಯ ಬಾಗಿಲನ್ನು ಅರ್ಧ ಮುಚ್ಚಿರುತ್ತದೆ, ಮತ್ತು ಅದು ಮುಚ್ಚಿದ್ದು ಗೊತ್ತಾಗುವುದು ಪದವಿ ಕೈಗೆ ಬಂದ ಮೇಲೆ. ಕಾಲೇಜಿನ ಆಯ್ಕೆಯನ್ನು ಕುರಿತ ಚರ್ಚೆಗಳಲ್ಲಿ ಇದನ್ನು ಯಾರೂ ಮೊದಲು ಹೇಳುವುದಿಲ್ಲ ಎಂಬುದು ನನ್ನ ತಕರಾರು.

ವಕೀಲಿಕೆಯನ್ನೇ ಮಾಡುವುದಾದರೆ ಕಾಲೇಜಿನ ಹೆಸರಿಗಿಂತ ಅದು ಇರುವ ಊರು ಮತ್ತು ಅಲ್ಲಿ ಬಳಕೆಯಾಗುವ ಭಾಷೆ ದೊಡ್ಡವು. ಹೈಕೋರ್ಟಿನ ಸಂಚಾರಿ ಪೀಠಗಳು 2008ರಲ್ಲಿ ಧಾರವಾಡಕ್ಕೂ ಕಲಬುರಗಿಗೂ ಬಂದು, 2013ರಲ್ಲಿ ಕಾಯಂ ಪೀಠಗಳಾದವು. ಅದಕ್ಕೆ ಮುಂಚೆ ರಿಟ್ ಅರ್ಜಿಯನ್ನು ಕಣ್ಣಾರೆ ಕಾಣಬೇಕೆಂದರೆ ಹುಬ್ಬಳ್ಳಿಯ ವಿದ್ಯಾರ್ಥಿ ಬೆಂಗಳೂರಿಗೆ ರಾತ್ರಿ ರೈಲು ಹತ್ತಬೇಕಿತ್ತು. ಈಗ ಬಸ್ಸು ಹತ್ತಿದರೆ ಸಾಕು. ಐದು ವರ್ಷದ ಕೋರ್ಸಿನವರು ಕನಿಷ್ಠ 20 ವಾರ, ಮೂರು ವರ್ಷದವರು 12 ವಾರ ಇಂಟರ್ನ್‌ಶಿಪ್ ಮಾಡಬೇಕೆಂದು 2008ರ ಕಾನೂನು ಶಿಕ್ಷಣ ನಿಯಮಗಳು ಹೇಳುತ್ತವೆ. ಅದನ್ನು ಸಹಿ ಹಾಕಿಸಿಕೊಂಡು ಮುಗಿಸುವವರೂ ಇದ್ದಾರೆ, ಅದೇ ಇಪ್ಪತ್ತು ವಾರಗಳಲ್ಲಿ ಸೀನಿಯರನ್ನು ಹುಡುಕಿಕೊಳ್ಳುವವರೂ ಇದ್ದಾರೆ. ಮುಂದೆ ವಕೀಲಿ ಮಾಡಬೇಕಾದ ಊರಿನಲ್ಲಿಯೇ ಓದಿದವರಿಗೆ ಶಿರಸ್ತೇದಾರರ ಗುರುತು, ವಕೀಲರ ಸಂಘದ ಒಡನಾಟ, ಯಾರ ಆಫೀಸಿನಲ್ಲಿ ನಿಜವಾಗಿ ಕೆಲಸ ಕಲಿಸುತ್ತಾರೆಂಬ ಮಾಹಿತಿ, ಇವೆಲ್ಲ ಸನ್ನದಿಗಿಂತ ಮೊದಲೇ ಬಂದಿರುತ್ತವೆ.

ಭಾಷೆಯ ಸಂಗತಿ ಇನ್ನೂ ಸೂಕ್ಷ್ಮ. ಕ್ಲಾಟ್ ಪರೀಕ್ಷೆ ಎರಡು ಗಂಟೆಗಳಲ್ಲಿ 120 ಪ್ರಶ್ನೆಗಳಿಗೆ, ಅದೂ ಉದ್ದುದ್ದ ಗದ್ಯಭಾಗಗಳನ್ನು ಓದಿ, ಇಂಗ್ಲಿಷಿನಲ್ಲಿಯೇ ಉತ್ತರಿಸುವಂಥದು. ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯ ಮೇಲ್ಭಾಗದಲ್ಲಾದರೋ, ಉತ್ತರಗಳನ್ನು ಪೂರ್ತಿಯಾಗಿ ಇಂಗ್ಲಿಷಿನಲ್ಲಿ ಅಥವಾ ಪೂರ್ತಿಯಾಗಿ ಕನ್ನಡದಲ್ಲಿ ಬರೆಯಬೇಕೆಂಬ ಸೂಚನೆ ಇರುತ್ತದೆ. ನಾನು ಆ ಸೂಚನೆಯನ್ನು ಕೃತಜ್ಞತೆಯಿಂದಲೂ ಅನುಮಾನದಿಂದಲೂ ನೋಡುತ್ತೇನೆ. ಕನ್ನಡ ಮಾಧ್ಯಮದ ಮಕ್ಕಳು ಕಾನೂನು ಓದಲು ಅದು ದಾರಿ ಮಾಡಿಕೊಟ್ಟಿತು. ಆದರೆ ಪೂರ್ತಿಯಾಗಿ ಒಂದೇ ಭಾಷೆಯಲ್ಲಿ ನಡೆಯುವ ವಕೀಲಿಕೆ ಈ ರಾಜ್ಯದಲ್ಲಿ ಎಲ್ಲಿಯೂ ಇಲ್ಲ. ವಿಚಾರಣಾ ನ್ಯಾಯಾಲಯದಲ್ಲಿ ಸಾಕ್ಷಿ ಕನ್ನಡದಲ್ಲಿ ನುಡಿಯುತ್ತಾನೆ, ಅದರ ಮೇಲಿನ ಮೇಲ್ಮನವಿ ಹೈಕೋರ್ಟಿಗೆ ಹೋದಾಗ ಸಂವಿಧಾನದ 348ನೆಯ ವಿಧಿಯ ಪ್ರಕಾರ ಇಂಗ್ಲಿಷು ಬೇಕಾಗುತ್ತದೆ. ಪಾಲು ದಾವೆಯಲ್ಲಿ ಎಂಬತ್ತು ವರ್ಷದ ಅಜ್ಜಿಗೆ ಪಾಟೀಸವಾಲು ಮಾಡುವಾಗ ಅವಳ ಒಂದು 'ಹೂಂ' ಒಪ್ಪಿಗೆಯೋ ಬೇಸರವೋ ಎಂದು ತಿಳಿಯದವರಿಗೆ ಯಾವ ಗ್ರಂಥಾಲಯವೂ ಸಹಾಯಕ್ಕೆ ಬರುವುದಿಲ್ಲ. ಅದೇ 'ಹೂಂ' ಅನ್ನು ಮೇಲ್ಮನವಿಯ ಆಧಾರವಾಗಿ ಬರೆಯಲಾರದವರು ಪ್ರಕರಣವನ್ನು ಬೇರೊಬ್ಬರ ಕೈಗೆ ಒಪ್ಪಿಸಬೇಕಾಗುತ್ತದೆ.

ನಮ್ಮ ಸಿವಿಲ್ ನ್ಯಾಯಾಧೀಶರ ನೇಮಕಾತಿಯ ಮುಖ್ಯ ಪರೀಕ್ಷೆಯಲ್ಲಿ 100 ಅಂಕಗಳ ಭಾಷಾಂತರ ಪತ್ರಿಕೆಯೊಂದು ಇರುವುದೂ ಇದೇ ಕಾರಣಕ್ಕೆ. ಸಾಕ್ಷ್ಯ, ತೀರ್ಪು, ದಸ್ತಾವೇಜುಗಳನ್ನು ಎರಡೂ ದಿಕ್ಕಿನಲ್ಲಿ ಭಾಷಾಂತರಿಸಬೇಕು. ಹೆಸರಾಂತ ಕಾಲೇಜಿನಲ್ಲಿ ಓದಿದವರು ಇಲ್ಲಿ ತಡವರಿಸಿದ್ದನ್ನು ನಾನು ಕಂಡಿದ್ದೇನೆ. ಇದರ ಜೊತೆಗೆ 2025ರ ಮೇ 20ರಂದು ಸುಪ್ರೀಂ ಕೋರ್ಟು ಈ ಹುದ್ದೆಗೆ ಮೂರು ವರ್ಷಗಳ ವಕೀಲಿ ಅನುಭವವನ್ನು ಮತ್ತೆ ಕಡ್ಡಾಯಗೊಳಿಸಿತು. ನಮ್ಮವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಆಯೋಗದ ಶಿಫಾರಸಿನಂತೆ 2002ರಲ್ಲಿ ತೆಗೆದುಹಾಕಿದ್ದ ಷರತ್ತು ಅದು. ಪದವಿ ಮುಗಿಸಿ ನೇರವಾಗಿ ಪರೀಕ್ಷೆಗೆ ಕೂರುವ ದಾರಿ ಮುಚ್ಚಿದ್ದರಿಂದ, ಆ ಮೂರು ವರ್ಷ ಎಲ್ಲಿ, ಯಾರ ಕೈಕೆಳಗೆ, ಯಾವ ಸಾಲದ ಹೊರೆಯೊಂದಿಗೆ ಕಳೆಯುತ್ತೀರಿ ಎಂಬುದು ಈಗ ಕಾಲೇಜಿನ ಆಯ್ಕೆಯೊಳಗೇ ಸೇರಿಕೊಂಡಿದೆ.

ಸಣ್ಣ ಊರಿನ ಕಾಲೇಜುಗಳ ಪರವಾಗಿ ಮಾತನಾಡುವವರು ದೊಡ್ಡ ಹೆಸರುಗಳನ್ನು ಮುಂದೆ ಮಾಡುವುದುಂಟು. ಮೂಡುಬಿದಿರೆಯಲ್ಲಿ ಬಿ.ಕಾಂ. ಮಾಡಿ, ಮಂಗಳೂರಿನ ಎಸ್‌ಡಿಎಂ ಕಾನೂನು ಕಾಲೇಜಿನಲ್ಲಿ ಓದಿದ ಎಸ್. ಅಬ್ದುಲ್ ನಜೀರ್ ಅವರು ಯಾವ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯೂ ಆಗದೆ 2017ರಲ್ಲಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು. 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಇ. ಎಸ್. ವೆಂಕಟರಾಮಯ್ಯನವರು ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜಿನಲ್ಲಿ ಓದಿದ್ದವರು. ಇವು ಹೆಮ್ಮೆಯ ಸಂಗತಿಗಳು ನಿಜ, ಆದರೆ ಹುಡುಗಿಗೆ ನಾನು ಇವನ್ನು ಪುರಾವೆಯಾಗಿ ಒಪ್ಪಿಸಲಿಲ್ಲ. ಅದೇ ಬೆಂಚುಗಳ ಮೇಲೆ ಕುಳಿತು ಹೋದ ಸಾವಿರಾರು ಜನರಲ್ಲಿ ಎಷ್ಟೋ ಮಂದಿ ಕರಿಕೋಟನ್ನು ಮಡಚಿಟ್ಟು ಬೇರೆ ಉದ್ಯೋಗ ಹಿಡಿದರು. ಅದರ ಬದಲು ಒಂದು ಕೆಲಸ ಹೇಳಿದೆ: ಎರಡೂ ಕಾಲೇಜಿನ ಕೊನೆಯ ವರ್ಷದ ಮೂವರನ್ನು ಹುಡುಕಿ, ಕಳೆದ ರಜೆಯಲ್ಲಿ ಯಾರ ಬಳಿ ಇಂಟರ್ನ್‌ಶಿಪ್ ಮಾಡಿದಿರಿ, ಅದು ಹೇಗೆ ಸಿಕ್ಕಿತು ಎಂದು ಕೇಳಬೇಕು. ಕಾಲೇಜಿನ ಮೂಲಕ ಸಿಕ್ಕಿತೆನ್ನುವವರು ಎಷ್ಟು ಮಂದಿ, ಅಪ್ಪನ ಪರಿಚಯದಿಂದ ಸಿಕ್ಕಿತೆನ್ನುವವರು ಎಷ್ಟು ಮಂದಿ ಎಂದು ಎಣಿಸಿದರೆ ಯಾವ ಶ್ರೇಯಾಂಕ ಪಟ್ಟಿಗಿಂತಲೂ ಹೆಚ್ಚು ತಿಳಿಯುತ್ತದೆ. ಶೇಕಡಾ 70ರ ಹಾಜರಿ ನಿಯಮವನ್ನು ನಿಜಕ್ಕೂ ಪಾಲಿಸುತ್ತಾರೆಯೇ ಎಂದೂ ಕೇಳಲು ಹೇಳಿದೆ.

ಅವಳು ಹೋಗುವಾಗ ಕಂತಿನ ಲೆಕ್ಕದ ಚೀಟಿಯನ್ನೂ ಕೇಳಿ ಒಯ್ದಳು. ಅವಳ ತಂದೆ ನಮ್ಮೂರಿನ ಸೊಸೈಟಿಯಲ್ಲಿ ಇಪ್ಪತ್ತೈದು ವರ್ಷ ಕಾರ್ಯದರ್ಶಿಯಾಗಿದ್ದವರು. ಮರುದಿನ ಬೆಳಿಗ್ಗೆ ನಾನು ಕೋರ್ಟಿಗೆ ಹೊರಡುವ ಹೊತ್ತಿಗೆ ಅವರ ಫೋನು ಬಂತು. ಕ್ಷೇಮಸಮಾಚಾರ ಕೇಳಿ ಮುಗಿಸಿ, ಸ್ವಲ್ಪ ಸಂಕೋಚದಿಂದಲೇ ಅಂದರು: "ತಮ್ಮಾ, ಓದೋ ಐದ ವರ್ಷದ ಬಡ್ಡಿ ನೀ ಹಿಡದಽ ಇಲ್ಲಲ್ಲೋ."